‘ಇದ್ದಕ್ಕಿದ್ದಂತೆ ಕಚ್ಚಿಬಿಟ್ಟ’ ಎಂದಾಗ

“ಇದ್ದಕ್ಕಿದ್ದಂತೆ ಕಚ್ಚಿಬಿಟ್ಟ ಡಾಕ್ಟರೇ, ಕಾರಣವೇ ಇರಲಿಲ್ಲ.”

ಮೈಸೂರಿನಲ್ಲಿ ಹದಿನಾಲ್ಕು ವರ್ಷಗಳಿಂದ ಸಾಕುಪ್ರಾಣಿಗಳಿಗೆ ಚಿಕಿತ್ಸೆ ಮಾಡುತ್ತಿರುವ ನಾನು ಈ ಮಾತು ಕೇಳದ ತಿಂಗಳಿಲ್ಲ. ಕಳೆದ ಮಳೆಗಾಲದಲ್ಲಿ ಹೀಗೆ ಹೇಳಿ ಫೋನ್ ಮಾಡಿದವರು ನಿವೃತ್ತ ಮೇಷ್ಟ್ರೊಬ್ಬರು. ಅವರ ಮನೆಯ ಏಳು ವರ್ಷದ ಲ್ಯಾಬ್ರಡಾರ್ ರಾಜ, ಮೊಮ್ಮಗನ ಮುಂಗೈ ಕಚ್ಚಿದ್ದ. ಅವನನ್ನು ಊರಾಚೆಯ ತೋಟಕ್ಕೆ ಬಿಟ್ಟುಬರುವುದೆಂದು ಮನೆಯವರು ಆಗಲೇ ತೀರ್ಮಾನಿಸಿದ್ದರು.

ನಾನು ಮೊದಲು ಮಗುವಿನ ವಿಚಾರ ಮಾತನಾಡಿದೆ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆ. ನಾಯಿಗೆ ರೇಬೀಸ್ ಲಸಿಕೆ ಆಗಿದೆ ಎಂದು ಇದನ್ನು ಬಿಡಬಾರದು. ರೇಬೀಸ್ ಲಕ್ಷಣ ಕಾಣುತ್ತದೆಯೇ ಎಂದು ರಾಜನನ್ನು ಹತ್ತು ದಿನ ಕಣ್ಗಾವಲಿನಲ್ಲಿ ಇರಿಸಬೇಕಾದ್ದರಿಂದ ತೋಟದ ಮಾತು ತಾನಾಗಿ ಮುಂದೆ ಹೋಯಿತು. ಅಷ್ಟು ದಿನವೂ ಅವನಿಗೂ ಮಗುವಿಗೂ ನಡುವೆ ಮುಚ್ಚಿದ ಬಾಗಿಲಿರಲಿ ಎಂದೆ.

ಮರುದಿನ ಹೋದಾಗ ರಾಜನನ್ನು ಮುಟ್ಟಲಿಲ್ಲ, ಹೆಸರು ಹಿಡಿದು ಕರೆಯಲೂ ಇಲ್ಲ. ಸರಪಳಿಯಲ್ಲಿದ್ದ ಅವನಿಗೆ ಪಕ್ಕ ಕೊಟ್ಟು ಕುಳಿತು, ಮನೆಯವರ ಮಾತು ಬರೆದುಕೊಳ್ಳತೊಡಗಿದೆ. “ಇತ್ತೀಚೆಗೆ ಮೊಂಡಾಗಿದ್ದಾನೆ” ಎಂದರು ಸೊಸೆ. ಇಂಥ ಮಾತಿನಿಂದ ನನಗೆ ಏನೂ ತಿಳಿಯುವುದಿಲ್ಲ. ಮೊಂಡು, ಸಿಟ್ಟು, ಸೇಡು ಇವೆಲ್ಲ ನಾವು ಕೊಟ್ಟ ಹೆಸರುಗಳು. ನಾಯಿ ಎಲ್ಲಿ ಮಲಗಿತ್ತು, ಯಾರು ಯಾವ ಕಡೆಯಿಂದ ಬಂದರು, ಕೈ ಎಲ್ಲಿಗೆ ಹೋಯಿತು, ಕಚ್ಚಿದ ಮೇಲೆ ಜನ ಏನು ಮಾಡಿದರು ಎಂದು ಕೆದಕಿ ಕೇಳಿದೆ. ರಾಜ ಬಾಗಿಲ ಬಳಿಯ ಚಾಪೆಯ ಮೇಲೆ ಮಲಗಿದ್ದ, ಹುಡುಗ ಅವನನ್ನು ಎಬ್ಬಿಸಲು ಹೋಗಿದ್ದ. ಚಾಪೆ ತನ್ನದೆಂಬ ಹಟದಿಂದ ಕಚ್ಚಿರಬೇಕು ಎಂದುಕೊಂಡೆ. ಆ ಊಹೆ ತಪ್ಪಾಗಿತ್ತು.

ಅದೃಷ್ಟಕ್ಕೆ ನಡುಮನೆಯಲ್ಲಿ ಸಿಸಿ ಕ್ಯಾಮೆರಾ ಇತ್ತು. ಆ ದೃಶ್ಯವನ್ನು ನಿಧಾನಗೊಳಿಸಿ ಎಲ್ಲರಿಗೂ ತೋರಿಸಿದೆ. ಹುಡುಗ ಹಿಂದಿನಿಂದ ಬಂದು ಬಗ್ಗುತ್ತಾನೆ. ರಾಜ ಮುಖ ಆಚೆ ತಿರುಗಿಸುತ್ತಾನೆ, ತುಟಿ ನೆಕ್ಕಿಕೊಳ್ಳುತ್ತಾನೆ, ಕಣ್ಣಂಚಿನ ಬಿಳಿ ಕಾಣುತ್ತದೆ, ಮೈ ಮರಗಟ್ಟಿದಂತೆ ಬಿಗಿಯಾಗುತ್ತದೆ. ಹುಡುಗನ ಕೈ ಸೊಂಟದ ಮೇಲೆ ಬಿದ್ದ ಮೇಲೆಯೇ ಬಾಯಿ ಹಾಕಿದ್ದು. ನಾಲ್ಕು ಸಲ ಬೇಡವೆಂದು ಹೇಳಿದ್ದಾನೆ, ಒಮ್ಮೆಯೂ ಗುರುಗುಟ್ಟಿಲ್ಲ.

“ಮೊದಲು ಗುರುಗುಟ್ಟುತ್ತಿದ್ದನೇ?” ಎಂದೆ. ಅಜ್ಜಿ ತಲೆ ತಗ್ಗಿಸಿದರು. ಎರಡು ತಿಂಗಳಿಂದ ಗುರ್ ಎಂದಾಗಲೆಲ್ಲ ಪೇಪರ್ ಸುತ್ತಿ ಮೂತಿಗೆ ಹೊಡೆಯುತ್ತಿದ್ದರಂತೆ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಹೊಡೆದರೆ ನಿಲ್ಲುವುದು ಎಚ್ಚರಿಕೆ ಮಾತ್ರ, ಅದರ ಹಿಂದಿನ ಸಂಕಟ ಹಾಗೆಯೇ ಉಳಿಯುತ್ತದೆ.

ಹದಿನಾಲ್ಕು ದಿನ ಡೈರಿ ಬರೆಯಲು ಹೇಳಿದೆ: ಸಮಯ, ಜಾಗ, ಮೊದಲು ನಡೆದದ್ದು, ನಾಯಿ ಮಾಡಿದ್ದು, ಆಮೇಲೆ ಆದದ್ದು. ಎಬ್ಬಿಸುವುದಿದ್ದರೆ ದೂರದಿಂದ ಕರೆಯಿರಿ, ಬೇಕೆಂದೇ ಕೆರಳಿಸಿ ಪರೀಕ್ಷಿಸಬೇಡಿ ಎಂದೂ ಹೇಳಿದೆ. ಮೇಷ್ಟ್ರು ಅಚ್ಚುಕಟ್ಟಾಗಿ ಗೆರೆ ಎಳೆದು ಬರೆದಿದ್ದರು. ಚಾಪೆಯ ಪಕ್ಕದಲ್ಲೇ ಓಡಾಡಿದರೂ ರಾಜ ಸುಮ್ಮನಿದ್ದ. ಕರೆದರೆ ತಾನೇ ಎದ್ದು ಬರುತ್ತಿದ್ದ. ಮರೆತು ಕೊರಳಪಟ್ಟಿ ಹಿಡಿದೆಳೆದ ಅಥವಾ ಸೊಂಟಕ್ಕೆ ಕೈಯಿಟ್ಟ ಐದು ಸಲವೂ ಮೈ ಬಿಗಿಮಾಡಿದ್ದ. ಐದೂ ಬಹಳ ಹೊತ್ತು ಮಲಗಿದ ಮೇಲೆ, ಅವುಗಳಲ್ಲಿ ನಾಲ್ಕು ಸಲ ಥಂಡಿಯ ಬೆಳಗಿನಲ್ಲಿ. ಡೈರಿಯ ಅಂಚಿನಲ್ಲಿ ಪೆನ್ಸಿಲಿನಿಂದ ಇನ್ನೊಂದು ಸಾಲಿತ್ತು: “ಮಹಡಿ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದಾನೆ, ಹೊಸ ಟೈಲ್ಸ್ ಹಾಕಿಸಿದಂದಿನಿಂದ.” ನನಗೆ ಬೇಕಾಗಿದ್ದದ್ದು ಆ ಸಾಲು.

ರಸ್ತೆಯಲ್ಲಿ ನಡೆಸಿ ನೋಡಿದೆ. ವೇಗ ಹೆಚ್ಚಿದಾಗ ಹಿಂಗಾಲುಗಳೆರಡನ್ನೂ ಮೊಲದಂತೆ ಜೋಡಿಸಿ ಕುಪ್ಪಳಿಸುತ್ತಿದ್ದ. ಅರಿವಳಿಕೆ ಕೊಟ್ಟು ತೆಗೆದ ಎಕ್ಸ್-ರೇಯಲ್ಲಿ ಸೊಂಟದ ಎರಡೂ ಕೀಲುಗಳು ಸವೆದಿದ್ದವು. ಲ್ಯಾಬ್ರಡಾರ್‌ಗಳಲ್ಲಿ ಇದು ಅಪರೂಪವಲ್ಲ. ಮೇಲೆ 41 ಕಿಲೋ ತೂಕ, ಜಾರುವ ನೆಲ. ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡ, ಯಕೃತ್ತು ಸರಿಯಿದ್ದುದನ್ನು ನೋಡಿಕೊಂಡು ನೋವಿನ ಔಷಧ ಆರಂಭಿಸಿದೆ. ದಯವಿಟ್ಟು ಮನುಷ್ಯರ ನೋವಿನ ಮಾತ್ರೆಯನ್ನು ನಾಯಿಗೆ ಕೊಡಬೇಡಿ, ಐಬುಪ್ರೊಫೇನ್ ಅವುಗಳಿಗೆ ವಿಷ. ಊಟ ಅಳತೆಯಾಯಿತು. ಅವನು ಓಡಾಡುವ ದಾರಿಗೆಲ್ಲ ಮೇಷ್ಟ್ರು ತೆಂಗಿನ ನಾರಿನ ಚಾಪೆ ಹಾಸಿದರು. ಹುಡುಗ ಜೊತೆಗಿರುವಾಗ ದೊಡ್ಡವರೊಬ್ಬರು ಇರಲೇಬೇಕೆಂಬ ನಿಯಮವನ್ನು ಮಾತ್ರ ನಾನು ಸಡಿಲಿಸಲಿಲ್ಲ. ನೋವು ಕಡಿಮೆಯಾದರೂ ಕೈಯ ಭಯ ಬೇಗ ಹೋಗುವುದಿಲ್ಲ.

ಐದನೇ ವಾರ ಅಜ್ಜಿ ಫೋನ್ ಮಾಡಿದರು. ದನಿಯಲ್ಲಿ ಗಾಬರಿಯಿತ್ತು. “ಬೆಳಿಗ್ಗೆ ಒರೆಸುವ ಬಟ್ಟೆ ಹಿಡಿದು ಹತ್ತಿರ ಹೋದೆ, ಮತ್ತೆ ಗುರ್ ಎಂದ ಡಾಕ್ಟರೇ.”

“ನೀವೇನು ಮಾಡಿದಿರಿ ಅಜ್ಜಿ?”

“ಅಲ್ಲೇ ನಿಂತೆ. ಆಮೇಲೆ ಎರಡು ಹೆಜ್ಜೆ ಹಿಂದೆ ಬಂದು, ಬಾರೋ ರಾಜ ಎಂದೆ. ಎದ್ದು ಬಂದ.”

ಅದನ್ನು ಡೈರಿಯಲ್ಲಿ ಬರೆಯಿರಿ ಎಂದೆ.