ಮೀಟರು ಹೇಳದ ವಯಸ್ಸು

ಆಯುಧಪೂಜೆಯ ದಿನ ಕಾರು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡಲು ಕುಕ್ಕರುಗಾಲಿನಲ್ಲಿ ಕುಳಿತಾಗ ಟೈರಿನ ಪಕ್ಕೆಯ ಬಿರುಕುಗಳು ಕಣ್ಣಿಗೆ ಬಿದ್ದವು. ಬತ್ತಿದ ಕೆರೆಯ ಅಂಗಳದಂತೆ ಸಣ್ಣ ಸಣ್ಣ ಗೆರೆಗಳು. ರಸ್ತೆಗೆ ತಾಗುವ ಮೈಯ ಕಚ್ಚುಗಳು ಮಾತ್ರ ಇನ್ನೂ ಚೆನ್ನಾಗಿ ಆಳವಾಗಿದ್ದವು. ಮೂರು ವಾರ ಕಳೆದರೆ ದೀಪಾವಳಿ. ತೀರ್ಥಹಳ್ಳಿಯ ಅತ್ತೆಮನೆಗೆ ಹೋಗಿ, ಅಲ್ಲಿಂದ ಆಗುಂಬೆ ಘಾಟಿ ಇಳಿದು ಉಡುಪಿ, ಮಲ್ಪೆ ನೋಡಿಕೊಂಡು ಬರುವುದೆಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಹೋಗುವಾಗಲೇ ನಾನೂರು ಕಿಲೋಮೀಟರಿಗೂ ಮೇಲೆ.

ಕಾರು 2008ರ ವ್ಯಾಗನ್‌ಆರ್, 1061 ಸಿಸಿ ಎಂಜಿನ್ನಿನದು. ನಾನು ಅದರ ಮೂರನೆಯ ಒಡೆಯ. ಹದಿನೈದು ವರ್ಷ ತುಂಬಿದಾಗ ಓಡಲು ಯೋಗ್ಯವೆಂಬ ಎಫ್‌ಸಿ ಮಾಡಿಸಿ ನೋಂದಣಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡಿದ್ದೇನೆ. ಮೀಟರಿನಲ್ಲಿ 62,000. ಹಳೆಯ ಕಾರಿಗೆ ಇದು ಏನೇನೂ ಅಲ್ಲ ಎಂದು ಮಾರಿದವರೂ ಹೇಳಿದ್ದರು, ನೋಡಿದವರೂ ಹೇಳಿದ್ದರು. ಆ ಸಂಜೆ ಪೂಜೆಯ ಮಂಡಕ್ಕಿ ತಿನ್ನುತ್ತಾ ಒಂದು ಲೆಕ್ಕ ಹಾಕಿದೆ. ಬನಶಂಕರಿಯಿಂದ ನನ್ನ ಕಚೇರಿಗೆ 14 ಕಿ.ಮೀ., ಸಿಲ್ಕ್ ಬೋರ್ಡ್ ದಾಟಿ ಹೋಗಲು 50 ನಿಮಿಷ. ಅಂದರೆ ಗಂಟೆಗೆ 17 ಕಿ.ಮೀ. ಈ ವೇಗದಲ್ಲಿ 62,000 ಮುಟ್ಟಲು ಎಂಜಿನ್ 3,600 ಗಂಟೆಗೂ ಹೆಚ್ಚು ಕಾಲ ಉರಿದಿರಬೇಕು. ಅಷ್ಟೇ ಗಂಟೆ ಹೆದ್ದಾರಿಯಲ್ಲಿ 55ರ ಸರಾಸರಿಯಲ್ಲಿ ಓಡಿದ ಕಾರಿನ ಮೀಟರು ಎರಡು ಲಕ್ಷ ತೋರಿಸುತ್ತಿತ್ತು. ಕ್ಲಚ್ಚು, ಬ್ರೇಕು, ಎಂಜಿನ್ ಆಯಿಲ್ ದುಡಿಯುವುದು ಗಂಟೆಗಳ ಲೆಕ್ಕದಲ್ಲಿ. ರಬ್ಬರು ಮುದಿಯಾಗುವುದು ವರ್ಷಗಳ ಲೆಕ್ಕದಲ್ಲಿ. ಕಿಲೋಮೀಟರನ್ನು ನಂಬಿಕೊಂಡಿದ್ದವನು ನಾನೊಬ್ಬನೇ.

ಹಾಗಾಗಿ ಮೊದಲು ಟೈರು. ಪಕ್ಕೆಯ ಮೇಲೆ ಒಂದು ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನನ್ನ ಟೈರುಗಳಲ್ಲಿ 2316 ಎಂದಿತ್ತು: 2016ರ 23ನೆಯ ವಾರ. ಎಂಟು ವರ್ಷ. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ತೆಗೆದು ಟಾರ್ಚು ಬಿಟ್ಟು ನೋಡಿದರೆ 4107! ಕಾರಿನ ಜೊತೆಗೇ ಕಾರ್ಖಾನೆಯಿಂದ ಬಂದದ್ದು, ಒಂದು ದಿನವೂ ರಸ್ತೆ ಕಂಡಿಲ್ಲ, ಆದರೂ ಮುದಿಯಾಗಿ ಗಟ್ಟಿಯಾಗಿತ್ತು. ಊರೊಳಗಿನ ನಿಧಾನಗತಿಯಲ್ಲಿ ಇಂಥ ಟೈರು ಇನ್ನೂ ಎರಡು ವರ್ಷ ಸುಮ್ಮನೆ ನಡೆದುಬಿಡುತ್ತದೆ. ಐದು ಜನ, ಸಾಮಾನು, ಮಧ್ಯಾಹ್ನದ ಬಿಸಿಲು, ಗಂಟೆಗೆ 90ರ ವೇಗ ಸೇರಿದಾಗ ಒಳಗಿನ ಬಿಸಿ ಏರಿ ಪಕ್ಕೆ ಸಿಡಿಯಬಹುದು. ಐದನ್ನೂ ಬದಲಿಸಿದೆ. ಗಾಳಿ ತುಂಬುವ ರಬ್ಬರ್ ವಾಲ್ವುಗಳನ್ನೂ ಹೊಸದಾಗಿ ಹಾಕಿಸಿದೆ. ಹೊಸ ಟೈರಿಗೆ ಹಳೆಯ ವಾಲ್ವನ್ನೇ ಉಳಿಸುವ ಅಂಗಡಿಗಳಿವೆ, ಎದುರಿಗೆ ನಿಂತು ಕೇಳಬೇಕು.

ಎರಡನೆಯದು ತಂಪಿನ ವ್ಯವಸ್ಥೆ. ಇಲ್ಲಿ ನನ್ನ ಮೂರ್ಖತನವೂ ಸೇರಿದೆ. ಬೇಸಿಗೆಯಲ್ಲಿ ಒಮ್ಮೆ ತುಮಕೂರು ರಸ್ತೆಯಲ್ಲಿ ಹೋಗುವಾಗ ಉಷ್ಣತೆಯ ಮುಳ್ಳು ಅರ್ಧದಿಂದ ಕಾಲಿಗೆ ಇಳಿದಿತ್ತು. ಕಾರು ಎಷ್ಟು ತಣ್ಣಗಿದೆ ನೋಡು ಎಂದು ಹೆಂಡತಿಗೆ ಹೆಮ್ಮೆಯಿಂದ ತೋರಿಸಿದ್ದೆ. ಈಗ ಪೈಪು ಬಿಚ್ಚಿ ನೋಡಿದರೆ, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟ್ಯಾಟ್ ವಾಲ್ವೇ ಇರಲಿಲ್ಲ. ಹಿಂದೆ ಯಾವನೋ ಮೆಕ್ಯಾನಿಕ್ ಕಿತ್ತು ಬಿಸಾಡಿದ್ದ. ಬಿಸಿಯಾಗುವ ಕಾರಿಗೆ ನಮ್ಮಲ್ಲಿ ಇದೊಂದು ಮನೆಮದ್ದು: ಅಡ್ಡವಿರುವ ವಾಲ್ವು ತೆಗೆದರೆ ನೀರು ಸರಾಗ ಹರಿಯುತ್ತದೆ ಎಂಬ ತರ್ಕ. ಟ್ರಾಫಿಕ್ಕಿನಲ್ಲಿ ಮುಳ್ಳು ಅರ್ಧದಲ್ಲೇ ನಿಲ್ಲುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಹೆದ್ದಾರಿಯ ಗಾಳಿಗೆ ಎಂಜಿನ್ ತನ್ನ ಸರಿಯಾದ ಬಿಸಿಯನ್ನು ಮುಟ್ಟುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡ ಕಂಪ್ಯೂಟರು ಪೆಟ್ರೋಲನ್ನು ಧಾರಾಳವಾಗಿ ಸುರಿಯುತ್ತದೆ, ಆಯಿಲ್ ಕೆಸರುಗಟ್ಟುತ್ತದೆ.

ವಾಲ್ವು ತೆಗೆಸುವಂತೆ ಮಾಡಿದ ಮೂಲ ರೋಗ ರೇಡಿಯೇಟರಿನಲ್ಲಿತ್ತು. ಅದರ ಬಾಯಿಯೊಳಗೆ ಬಿಳಿಯ ಹೆಕ್ಕಳೆ. ನಮ್ಮ ಬೋರ್‌ವೆಲ್ ನೀರು ಸ್ನಾನದ ಮನೆಯ ನಲ್ಲಿಗೆ ಕಟ್ಟುತ್ತದಲ್ಲ, ಅದೇ. ವರ್ಷಗಟ್ಟಲೆ ಕೂಲಂಟ್ ಬದಲು ಆ ನೀರನ್ನೇ ತುಂಬಿಸಿದ್ದಾರೆ. ರೇಡಿಯೇಟರನ್ನು ಇಳಿಸಿ ತೊಳೆಸಿ, ಡಿಸ್ಟಿಲ್ಡ್ ನೀರಿಗೆ ಸಮಪಾಲು ಕೂಲಂಟ್ ಬೆರೆಸಿ ತುಂಬಿದೆ. ಮುಚ್ಚಳವನ್ನೂ ಬದಲಿಸಿದೆ. ಮುಚ್ಚಳಕ್ಕೆ ಯಾಕಿಷ್ಟು ಮರ್ಯಾದೆ ಎಂದರೆ, ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗು ಕುಕ್ಕರಿನ ವಿಶಲಿನಂತೆ ಒತ್ತಡ ಹಿಡಿದಿಟ್ಟರೆ ಮಾತ್ರ ಕುದಿತ 110 ಡಿಗ್ರಿ ದಾಟುವವರೆಗೆ ಮುಂದೆ ಹೋಗುತ್ತದೆ. ಸ್ಪ್ರಿಂಗು ಸಡಿಲವಾದ ಮುಚ್ಚಳವೆಂದರೆ ತೂಕವಿಲ್ಲದ ಕುಕ್ಕರು.

ಭಾಗಗಳಿಗಾಗಿ ಜೆ.ಸಿ. ರಸ್ತೆಗೆ ಹೋದೆ. ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದಕ್ಕಿಂತ ಎಂಜಿನ್ ಇಳಿಸುವುದು ಸುಲಭ, ಆದ್ದರಿಂದ ಹಳೆಯ ಪೈಪುಗಳನ್ನು ಚೀಲಕ್ಕೆ ಹಾಕಿಕೊಂಡು ಮೆಟ್ರೊದಲ್ಲಿ ಕೆ.ಆರ್. ಮಾರುಕಟ್ಟೆ ನಿಲ್ದಾಣಕ್ಕೆ ಹೋದೆ. ತಪಾಸಣೆಯ ಯಂತ್ರದ ಪರದೆಯಲ್ಲಿ ಚೀಲದೊಳಗಿನ ಆಕಾರಗಳನ್ನು ಕಂಡ ಭದ್ರತಾ ಸಿಬ್ಬಂದಿ ಪಕ್ಕಕ್ಕೆ ಕರೆದರು. ಗ್ರೀಸು ಮೆತ್ತಿದ ರೇಡಿಯೇಟರ್ ಪೈಪನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ ಹಾಗೇ ಇಟ್ಟರು. ಹಳೆಯ ಭಾಗವನ್ನು ಜೊತೆಗೆ ಒಯ್ಯುವುದು ಮಾತ್ರ ಬಿಡಬಾರದು. ಒಂದೇ ಹೆಸರಿನ ಕಾರಿನಲ್ಲಿ ವರ್ಷದಿಂದ ವರ್ಷಕ್ಕೆ ಪೈಪಿನ ಬಾಗು ಬೇರೆಯಾಗುತ್ತದೆ, ಅಂಗಡಿಯವರ ಕಂಪ್ಯೂಟರಿಗಿಂತ ಕೈಯಲ್ಲಿನ ಪೈಪು ನಂಬಿಕಸ್ತ.

ಹೊಸ ಥರ್ಮೋಸ್ಟ್ಯಾಟನ್ನು ಹಾಕುವ ಮೊದಲು ಒಲೆಯ ಮೇಲೆ ಪರೀಕ್ಷಿಸಿದೆ. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು, ಥರ್ಮಾಮೀಟರು ಹಿಡಿದು ಕುಳಿತರೆ ಎಂಬತ್ತು ದಾಟುತ್ತಿದ್ದಂತೆ ವಾಲ್ವು ನಿಧಾನವಾಗಿ ಬಾಯಿ ಬಿಟ್ಟಿತು. ಅದು ಸಾರಿನ ಪಾತ್ರೆ ಎಂಬ ಸಂಗತಿ ಅಮ್ಮನಿಗೆ ಗೊತ್ತಾದದ್ದು ಆಮೇಲೆ.

ಬ್ರೇಕಿನ ಕೆಲಸಕ್ಕೆ ಮಗನನ್ನು ಕರೆದೆ. ಡಬ್ಬಿಯಲ್ಲಿದ್ದ ಬ್ರೇಕ್ ಆಯಿಲ್ ಫಿಲ್ಟರಿನ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರುತ್ತಾ ಹೋಗುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ತೇವ ಕುಡಿದ ಮೇಲೆ ಅದೇ ದ್ರವಕ್ಕೆ ಮಾನದಂಡ ಕೇಳುವುದು ಕೇವಲ 140. ಸಿಗ್ನಲಿನಿಂದ ಸಿಗ್ನಲಿಗೆ ಓಡುವ ಕಾರಿನಲ್ಲಿ ಬ್ರೇಕು ಅಷ್ಟು ಕಾಯುವುದೇ ಇಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಮೇಲಿಂದ ಮೇಲೆ ಬ್ರೇಕು ಒತ್ತಿದರೆ ದ್ರವ ಕುದಿದು ಆವಿಯ ಗುಳ್ಳೆಗಳಾಗುತ್ತವೆ. ಗುಳ್ಳೆ ಸ್ಪಂಜಿನಂತೆ ಕುಗ್ಗುತ್ತದೆ, ಪೆಡಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ.

ಹಳೆಯ ದ್ರವವನ್ನು ಹೊರದಬ್ಬಲು ಮಗ ಪೆಡಲಿನ ಮೇಲೆ, ನಾನು ಚಕ್ರದ ಪಕ್ಕ, ನಿಪ್ಪಲಿಗೆ ಸಣ್ಣ ಪೈಪು, ಪೈಪಿನ ತುದಿಗೆ ನೀರಿನ ಬಾಟಲಿ. ಒತ್ತು, ಹಿಡಿದುಕೋ, ಬಿಡು. ಮೂರನೆಯ ಚಕ್ರದ ಹೊತ್ತಿಗೆ ಲಹರಿ ಬಂದು ಮೇಲಿನ ಡಬ್ಬಿ ನೋಡುವುದನ್ನೇ ಮರೆತೆ. ಅದು ಬರಿದಾಗಿ ಗಾಳಿ ಒಳಹೊಕ್ಕಿತು. ಮತ್ತೊಂದು ಅರ್ಧ ಲೀಟರು ತಂದು ಎಲ್ಲವನ್ನೂ ಮೊದಲಿನಿಂದ. ಆ ಗಡಿಬಿಡಿಯಲ್ಲಿ ಎಡಗಡೆಯ ಫೆಂಡರಿನ ಮೇಲೆ ಚೆಲ್ಲಿದ್ದನ್ನು ಒರೆಸಿದೆ, ನೀರು ಹಾಕಿ ತೊಳೆಯಲಿಲ್ಲ. ಅಂಗೈಯಗಲ ಬಣ್ಣ ಎದ್ದುಬಂದಿದೆ, ಈಗಲೂ ಹಾಗೇ ಇದೆ. ಹಿಂದಿನ ಡ್ರಮ್ಮು ಬಿಚ್ಚಿದಾಗ ಒಂದು ವೀಲ್ ಸಿಲಿಂಡರು ಜಿನುಗುತ್ತಿರುವುದೂ ಕಂಡಿತು. ಎರಡೂ ಬದಿಯದನ್ನು ಹೊಸದು ಮಾಡಿ, ಮುಂದಿನ ಪ್ಯಾಡುಗಳನ್ನೂ ಹಾಕಿದೆ.

ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟಿಗೆ ನಾನು ಕೈ ಹಾಕಲಿಲ್ಲ. ಮುಂದೆ ಬಂದ ಕೆ ಸರಣಿಯ ಎಂಜಿನ್ನುಗಳಲ್ಲಿ ಚೈನಿದೆ, ನನ್ನದರಲ್ಲಿ ರಬ್ಬರಿನ ಬೆಲ್ಟು. ಹಳೆಯ ಒಡೆಯರ ಬಳಿ ಬದಲಿಸಿದ ದಾಖಲೆಯೇ ಇರಲಿಲ್ಲ. ಲಕ್ಷ ಕಿಲೋಮೀಟರಿಗೆ ಬದಲಿಸಿದರೆ ಸಾಕು, ಇನ್ನೂ ಕಾಲವಿದೆ ಎಂದ ಕತ್ತರಿಗುಪ್ಪೆಯ ಮೆಕ್ಯಾನಿಕ್‌ಗೆ ನನ್ನ ಗಂಟೆಗಳ ಲೆಕ್ಕ ಹೇಳಿದೆ. ಅವರು ನಕ್ಕರು, ಆದರೆ ಮುಚ್ಚಳ ತೆಗೆದು ಬೆಲ್ಟನ್ನು ಹಿಂದಕ್ಕೆ ಮಡಿಸಿ ಬಿರುಕು ನೋಡಿದ ಮೇಲೆ ನಗಲಿಲ್ಲ. ಬೆಲ್ಟಿನ ಜೊತೆಗೆ ಟೆನ್ಷನರ್ ಬೇರಿಂಗನ್ನೂ ಬದಲಿಸಿದೆವು. ಅವರ ರ‍್ಯಾಂಪಿನ ಮೇಲೆ ಕಾರು ಇದ್ದಾಗಲೇ ಆಕ್ಸೆಲಿನ ಹೊರಬದಿಯ ರಬ್ಬರ್ ಬೂಟು ಹರಿದು, ಗ್ರೀಸು ಚಕ್ರದ ಒಳಮೈಗೆಲ್ಲ ಎರಚಿರುವುದು ಕಂಡಿತು. ಯೂ ತಿರುವಿನಲ್ಲಿ ಟಿಕ್ ಟಿಕ್ ಸದ್ದು ಇನ್ನೂ ಶುರುವಾಗಿರಲಿಲ್ಲ, ಅಂದರೆ ಒಳಗಿನ ಕೀಲು ಸವೆದಿರಲಿಲ್ಲ, ಆದ್ದರಿಂದ ಬೂಟು, ಗ್ರೀಸಿನಲ್ಲೇ ಮುಗಿಯಿತು.

ಉಳಿದದ್ದು ಸಣ್ಣಪುಟ್ಟ. ಬ್ಯಾಟರಿಯಲ್ಲಿ ಎಂಜಿನ್ ನಿಂತಾಗ 12.6 ವೋಲ್ಟ್, ಓಡುವಾಗ 14.1, ಎರಡೂ ಸರಿ. ಆಯಿಲ್, ಫಿಲ್ಟರು, ವೈಪರು ಹೊಸವು. ಒಟ್ಟು ಖರ್ಚು ಮೂವತ್ತು ಸಾವಿರ ದಾಟಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಟೈರುಗಳದ್ದು.

ಇಷ್ಟೆಲ್ಲ ಮೊದಲ ಹತ್ತು ದಿನಗಳಲ್ಲೇ ಮುಗಿಸಿದೆ. ಹೊರಡುವ ಹಿಂದಿನ ದಿನ ಕಾರನ್ನು ಗ್ಯಾರೇಜಿಗೆ ಬಿಡುವವರನ್ನು ಕಂಡರೆ ನನಗೆ ಭಯ. ರಿಪೇರಿಯೂ ತಾನೊಂದು ಹೊಸ ದೋಷವನ್ನು ತರಬಹುದು, ಅದು ಹೊರಗೆ ಬರಲು ಸಮಯ ಬೇಕು. ಅದಕ್ಕೇ ಒಂದು ಬುಧವಾರ ರಜೆ ಹಾಕಿ ನಂದಿಬೆಟ್ಟಕ್ಕೆ ಹೋದೆ. ಮನೆಯವರನ್ನೂ ಸಾಮಾನಿನ ಬದಲು ನಾಲ್ಕು ನೀರಿನ ಕ್ಯಾನುಗಳನ್ನೂ ಹೇರಿಕೊಂಡು, ಬಳ್ಳಾರಿ ರಸ್ತೆಯಲ್ಲಿ ವೇಗ, 1,478 ಮೀಟರಿನವರೆಗೆ ಏರು, ಮತ್ತೆ ಅಷ್ಟೇ ಇಳಿಜಾರು. ಅರ್ಧ ದಿನದಲ್ಲಿ ಕಾರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೆಂಗಳೂರಿನ ಆಸುಪಾಸಿನಲ್ಲಿಲ್ಲ. ಮೇಲೆ ನಿಲ್ಲಿಸಿ ಬಾನೆಟ್ಟು ಎತ್ತಿದರೆ ಸಿಹಿ ವಾಸನೆ. ಕೂಲಂಟ್! ನಾನೇ ಬಿಗಿದ ಕೆಳಗಿನ ಪೈಪಿನ ಕ್ಲಿಪ್ಪು ಬಿಸಿಗೆ ಸಡಿಲಗೊಂಡು ಹನಿಯುತ್ತಿತ್ತು. ತಣಿಯಲು ಬಿಟ್ಟು ಎರಡು ಸುತ್ತು ತಿರುಗಿಸಿದೆ. ಇದೇ ಹನಿ ಅರಸೀಕೆರೆಯ ಆಚೆ, ರಾತ್ರಿ, ಮಕ್ಕಳನ್ನು ಕೂರಿಸಿಕೊಂಡಾಗ ಶುರುವಾಗಿದ್ದರೆ ಎಂದು ಯೋಚಿಸುತ್ತಾ ಅಲ್ಲೇ ಒಂದು ಎಳನೀರು ಕುಡಿದೆ.

ಹಬ್ಬಕ್ಕೆ ಹೊರಟೆವು. ಶಿವಮೊಗ್ಗದವರೆಗೆ ಮುಳ್ಳು ಅರ್ಧದಿಂದ ಕದಲಲಿಲ್ಲ, ಈ ಸಲ ಅದನ್ನು ಯಾರಿಗೂ ತೋರಿಸಲಿಲ್ಲ. ಆಗುಂಬೆಯಲ್ಲಿ ಮಂಜು. ಘಾಟಿಯ ಬಾಯಲ್ಲೇ ಎರಡನೆಯ ಗೇರಿಗೆ ಇಳಿಸಿ, ಕೆಲವು ತಿರುವುಗಳಲ್ಲಿ ಒಂದಕ್ಕೂ ಇಳಿಸಿ, ಎಂಜಿನ್ ಹಿಡಿತದಲ್ಲೇ ಬಂದೆ. ಸೋಮೇಶ್ವರದಲ್ಲಿ ನಿಲ್ಲಿಸಿದಾಗ ಸುಟ್ಟ ಬ್ರೇಕಿನ ವಾಸನೆ ಮೂಗಿಗೆ ಬಡಿದು ಎದೆ ಧಸಕ್ಕೆಂದಿತು. ನಾಲ್ಕೂ ಚಕ್ರಗಳ ಬಳಿ ಬಗ್ಗಿ ಮೂಸಿದೆ. ವಾಸನೆ ಮುಂದೆ ನಿಂತಿದ್ದ, ಇನ್ನೂ ಶೋರೂಮಿನ ಹೊಳಪು ಆರದ ದೊಡ್ಡ ಕಾರಿನದು.

ಉಡುಪಿ ತಲುಪಿದಾಗ ಹನ್ನೊಂದು ಗಂಟೆ. ಕರಾವಳಿಯ ಸೆಕೆ. ಹೆಂಡತಿ ಎ.ಸಿ. ಹಾಕಿದಳು. ಗಾಳಿ ಬಂತು, ತಂಪು ಬರಲಿಲ್ಲ. ಬೆಂಗಳೂರಿನಲ್ಲಿ ಕಿಟಕಿ ಇಳಿಸಿದರೆ ಸಾಕು ಎಂದುಕೊಂಡು ಎರಡು ವರ್ಷಗಳಿಂದ ಆ ಗುಂಡಿಯನ್ನು ನಾವು ಮುಟ್ಟಿಯೇ ಇರಲಿಲ್ಲ. ಓಡಿಸದೆ ಬಿಟ್ಟ ಕಂಪ್ರೆಸರಿನ ಸೀಲುಗಳಿಗೆ ಎಣ್ಣೆ ತಾಗದೆ, ಅವು ಒಣಗಿ ಗ್ಯಾಸು ಸೋರಿಹೋಗಿತ್ತು. ಹತ್ತು ದಿನ ಇಡೀ ಕಾರನ್ನು ಬಿಚ್ಚಿ ಜೋಡಿಸಿದವನು ಅದೊಂದನ್ನು ನೋಡಿರಲಿಲ್ಲ. ನಾಲ್ಕೂ ಕಿಟಕಿ ಇಳಿಸಿಕೊಂಡು ಮಲ್ಪೆಯ ದಾರಿ ಹಿಡಿದೆವು. ಹಿಂದಿನ ಸೀಟಿನಲ್ಲಿ ಅಮ್ಮ ಕಾರಿನ ವಿಮಾ ಪತ್ರವನ್ನು ಮಡಿಸಿ ಬೀಸಣಿಗೆ ಮಾಡಿಕೊಂಡು, ಸಾರಿನ ಪಾತ್ರೆಯ ವಿಷಯ ಮತ್ತೆ ಎತ್ತಿದರು.