ಕೈಗೊಂದು, ಕಣ್ಣಿಗೊಂದು, ಮನಸ್ಸಿಗೊಂದು: ಮೂರು ಪುಸ್ತಕ ಆರಿಸಿ ಓದುವುದು ಹೇಗೆ?

ಪುಸ್ತಕ ಮೇಳದಿಂದ ಬರುವವರ ಚೀಲದಲ್ಲಿ ಈಗ ಮೂರು ಬಗೆಯ ಪುಸ್ತಕ ಜಾಸ್ತಿ ಕಾಣುತ್ತವೆ. ಕಸೂತಿಯೋ ಮಣ್ಣಿನ ಕೆಲಸವೋ ಕಲಿಸುವ ಕರಕುಶಲದ ಪುಸ್ತಕ, ಹೊಳೆಯುವ ಹಾಳೆಯ ದಪ್ಪ ಕಲಾ ಇತಿಹಾಸ, ನೆಮ್ಮದಿಯಾಗಿ ಬದುಕುವುದು ಹೇಗೆ ಎಂದು ಹೇಳುವ ಇನ್ನೊಂದು. ಎಲ್ಲ ಆಸೆಪಟ್ಟು ಕೊಂಡದ್ದೇ. ಆದರೆ ಮೂರನ್ನೂ ಕಾದಂಬರಿಯ ಹಾಗೆ ಮೊದಲ ಪುಟದಿಂದ ಓದಲು ಕೂರುತ್ತಾರೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕರಕುಶಲದ್ದು ಬೇಜಾರಾಗುತ್ತದೆ. ಕಲೆಯದ್ದು ತಲೆಗೆ ಹತ್ತುವುದಿಲ್ಲ. ನೆಮ್ಮದಿಯದ್ದು ಒಂದೇ ರಾತ್ರಿಗೆ ಮುಗಿದು, ಮರುದಿನವೇ ಮರೆತುಹೋಗುತ್ತದೆ. ನನ್ನ ಗೆಳೆಯರ ಬಳಗದಲ್ಲೇ ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಈ ಮೂರೂ ಬೇರೆ ಬೇರೆ ಓದು ಕೇಳುತ್ತವೆ. ಮೊದಲನೆಯದನ್ನು ಕೆಲಸ ಮಾಡುತ್ತಾ ಓದಬೇಕು. ಎರಡನೆಯದನ್ನು ನೋಡಿದ ಮೇಲೆ ಓದಬೇಕು. ಮೂರನೆಯದನ್ನು ನಿಧಾನವಾಗಿ, ಚೂರು ಚೂರಾಗಿ ಓದಬೇಕು. ಹೇಗೆ ಅಂತ ಹೇಳುತ್ತೇನೆ.

ಹಂತ 1: ಮೂರೇ ಸಾಕು

ಒಂದೊಂದು ಬಗೆಯಲ್ಲಿ ಒಂದೇ ಪುಸ್ತಕ. ಅವು ಮುಗಿಯುವವರೆಗೆ ನಾಲ್ಕನೆಯದನ್ನು ಕೊಳ್ಳಬೇಡಿ.

ಹಂತ 2: ಕರಕುಶಲದ ಪುಸ್ತಕಕ್ಕೆ ಅಂಗಡಿಯಲ್ಲೇ ಪರೀಕ್ಷೆ

ಮುಖಪುಟದ ಚೆಂದ ನೋಡಿ ಕೊಳ್ಳಬೇಡಿ. ಆ ಕೆಲಸದಲ್ಲಿ ಹೊಸಬರು ಎಲ್ಲಿ ಎಡವುತ್ತಾರೆ ಎಂದು ಬಲ್ಲವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಪುಸ್ತಕದಲ್ಲಿ ನೇರ ಆ ಪುಟಕ್ಕೇ ಹೋಗಿ.

ಬುಕ್ ಬೈಂಡಿಂಗ್ ಪುಸ್ತಕವನ್ನೇ ತೆಗೆದುಕೊಳ್ಳಿ. ಅಲ್ಲಿ ಹೊಸಬರು ಎಡವುವುದು ಕಾಗದದ ಎಳೆಯಲ್ಲಿ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ, ಅದನ್ನೇ ಎಳೆ ಎನ್ನುವುದು. ಹಾಳೆಯನ್ನು ಮಡಚದೆ ಮೆಲ್ಲಗೆ ಬಾಗಿಸಿ ಅಂಗೈಯಿಂದ ಒತ್ತಿ ನೋಡಿ. ಒಂದು ಕಡೆಯಿಂದ ಸುಲಭವಾಗಿ ಬಾಗುತ್ತದೆ, ಇನ್ನೊಂದು ಕಡೆಯಿಂದ ಸೆಟೆದು ನಿಲ್ಲುತ್ತದೆ. ಸುಲಭವಾಗಿ ಬಾಗಿದಾಗ ಬಾಗಿದ ಗೆರೆ ಯಾವ ದಿಕ್ಕಿಗಿದೆಯೋ ಎಳೆಯೂ ಅದೇ ದಿಕ್ಕಿಗಿರುತ್ತದೆ. ಪುಸ್ತಕದ ಬೆನ್ನಿನ ಉದ್ದಕ್ಕೆ ಎಳೆ ಸಾಗಬೇಕು. ಅಡ್ಡವಾದರೆ ಅಂಟಿನ ತೇವಕ್ಕೆ ಕಾಗದ ಉಬ್ಬಿ, ಬೆನ್ನಿನ ಹತ್ತಿರ ಅಲೆ ಅಲೆಯಾಗಿ ನಿಲ್ಲುತ್ತದೆ. ಆಮೇಲೆ ಎಷ್ಟು ತೂಕ ಹೇರಿದರೂ ಸರಿಹೋಗುವುದಿಲ್ಲ. ಈ ಮಾತು ಇಲ್ಲದ ಬೈಂಡಿಂಗ್ ಪುಸ್ತಕವನ್ನು ಅಲ್ಲೇ ಇಟ್ಟು ಬನ್ನಿ. ‘ಸ್ವಲ್ಪ ಅಂಟು ಹಚ್ಚಿ’ ಎಂದು ಬರೆದು, ಮೈದಾ ಅಂಟೋ ಬಿಳಿ ಅಂಟೋ ಹೇಳದ ಪುಸ್ತಕವೂ ಬೇಡ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಿ ಎನ್ನುವ ಪುಸ್ತಕವನ್ನಂತೂ ಮುಟ್ಟಲೇಬೇಡಿ. ಕೆಲವು ವರ್ಷಕ್ಕೆ ಟೇಪ್ ಉದುರಿ ಹೋಗುತ್ತದೆ, ಹಳದಿ ಕಲೆ ಪುಟದಲ್ಲೇ ಉಳಿಯುತ್ತದೆ.

ಓದುವ ಕ್ರಮ ಸುಲಭ. ಮೊದಲ ಪಾಠ ಓದಿ, ಮಾಡಿ, ಕೆಟ್ಟರೆ ಮತ್ತೆ ಅದನ್ನೇ ಓದಿ. ಮಾಡದೆ ಎರಡನೇ ಪಾಠಕ್ಕೆ ಹೋಗಬೇಡಿ. ಎಲ್ಲವನ್ನೂ ಕತ್ತರಿಸಿ, ತೂತು ಕೊರೆದು ಕೊಡುವ ಕಿಟ್‌ಗಳು ಬರುತ್ತವಲ್ಲ, ಅವುಗಳಿಂದ ಕೈ ಪಳಗುವುದಿಲ್ಲ. ಕತ್ತರಿಸುವುದೇ ಅರ್ಧ ವಿದ್ಯೆ.

ಮಾಡುವ ಪುಸ್ತಕದ ಜೊತೆಗೆ, ಕರಕುಶಲ ಯಾಕೆ ಮುಖ್ಯ ಎಂದು ಹೇಳುವ ಒಂದನ್ನು ಲೈಬ್ರರಿಯಿಂದ ತಂದುಕೊಳ್ಳಿ. ಕಮಲಾದೇವಿ ಚಟ್ಟೋಪಾಧ್ಯಾಯ ಅವರ ‘ಹ್ಯಾಂಡಿಕ್ರಾಫ್ಟ್ಸ್ ಆಫ್ ಇಂಡಿಯಾ’ ನನ್ನ ಆಯ್ಕೆ. ಅವರು 1903ರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದವರು. ಕೆಲಸಗಾರರ ಅಂಗಳಕ್ಕೇ ಹೋಗಿ ಕೂತು ತಿಳಿದವರ ಮಾತಿಗೆ ಬೇರೆಯೇ ತೂಕ ಇರುತ್ತದೆ ಅಲ್ವಾ? ಅದನ್ನು ಓದಿದ ಮೇಲೆ ಚನ್ನಪಟ್ಟಣಕ್ಕೆ ಹೋಗಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ, ಉಜ್ಜಾಟದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುವುದನ್ನು ನಿಂತು ನೋಡಿ.

ಹಂತ 3: ಕಲಾ ಇತಿಹಾಸ, ಮೊದಲು ನೋಡಿ ಆಮೇಲೆ ಓದಿ

ಜನ ಅತಿ ಹೆಚ್ಚು ಕೆಡಿಸಿಕೊಳ್ಳುವುದು ಇಲ್ಲೇ. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಕೊಳ್ಳುವಾಗ ಚಿತ್ರದ ಕೆಳಗಿನ ಸಣ್ಣ ಅಕ್ಷರ ನೋಡಿ. ಅಳತೆ ಕೊಟ್ಟಿದ್ದಾರಾ? ಯಾವ ಕಲ್ಲು, ಯಾವ ಬಣ್ಣ ಎಂದು ಬರೆದಿದ್ದಾರಾ? ಇಲ್ಲದಿದ್ದರೆ ಬೇಡ. ಅಳತೆ ಯಾಕೆ ಬೇಕು ಎಂದರೆ, ಪುಸ್ತಕದಲ್ಲಿ ಎಲ್ಲ ಚಿತ್ರವೂ ಒಂದು ಪುಟದಷ್ಟೇ ಇರುತ್ತದೆ. ಲಿಯೊನಾರ್ಡೊನ ಮೋನಾ ಲಿಸಾ 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲ. ಪಿಕಾಸೊನ ಗೆರ್ನಿಕಾ ಸುಮಾರು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲ. ಅಳತೆ ಟೇಪು ತಂದು ಎರಡನ್ನೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗೆರ್ನಿಕಾ ಬಹಳಷ್ಟು ಮನೆಗಳ ಹಾಲ್‌ನಲ್ಲಿ ಹಿಡಿಸುವುದೇ ಇಲ್ಲ. ಆ ಗುರುತಿನ ಮುಂದೆ ನಿಂತ ಮೇಲೆ ಪುಟದ ಚಿತ್ರ ಬೇರೆಯಾಗಿಯೇ ಕಾಣುತ್ತದೆ.

ಫುಟ್‌ಪಾತ್‌ನಲ್ಲಿ ಸಿಗುವ ಕಳ್ಳ ಮುದ್ರಣ ಕಾದಂಬರಿಗೇ ತಪ್ಪು, ಕಲೆಗಂತೂ ದಂಡ. ಬಣ್ಣ ಮಸುಕಾಗಿರುತ್ತದೆ, ಗೆರೆ ಕಲಸಿಹೋಗಿರುತ್ತದೆ. ಅದಕ್ಕಿಂತ ಹಳೇ ಪುಸ್ತಕದ ಅಂಗಡಿಯ ಅಸಲಿ ಪ್ರತಿ ಮೇಲು.

ಪಾಶ್ಚಾತ್ಯ ಕಲೆಗೆ ಇ. ಎಚ್. ಗೊಂಬ್ರಿಕ್ ಅವರ ‘ದಿ ಸ್ಟೋರಿ ಆಫ್ ಆರ್ಟ್’ ಓದಿ. 1950ರಲ್ಲಿ ಬಂತು. ಭಾಷೆ ತಿಳಿ. ಚಿತ್ರ ತೋರಿಸದೆ ಒಂದು ಮಾತೂ ಹೇಳುವುದಿಲ್ಲ ಎಂಬ ಹಟ ಆ ಪುಸ್ತಕದ್ದು. ಆದರೆ ಭಾರತದ ಕಲೆಗೆ ಅದನ್ನು ನೆಚ್ಚಬೇಡಿ, ನಮ್ಮ ಬಗ್ಗೆ ಅಲ್ಲಿ ಇರುವುದು ತೀರಾ ಕಡಿಮೆ. ಮಹಿಳಾ ಕಲಾವಿದರ ಬಗ್ಗೆಯೂ ಅಷ್ಟೇ. ಮೊದಲ ಆವೃತ್ತಿಯಲ್ಲಿ ಒಬ್ಬರೂ ಇಲ್ಲ. ಪುಟ್ಟ ಗಾತ್ರದ ಆವೃತ್ತಿಯಲ್ಲಿ ಚಿತ್ರಗಳನ್ನೆಲ್ಲ ಹಿಂದೆ ಒಟ್ಟಿಗೆ ಹಾಕಿದ್ದಾರೆ, ಓದುವಾಗ ಹಿಂದೆ ಮುಂದೆ ತಿರುವುತ್ತಲೇ ಇರಬೇಕು. ದೊಡ್ಡದನ್ನೇ ಲೈಬ್ರರಿಯಲ್ಲಿ ಹುಡುಕಿ.

ನೋಡುವುದನ್ನು ಕಲಿಯಲು ಜಾನ್ ಬರ್ಜರ್ ಅವರ ‘ವೇಸ್ ಆಫ್ ಸೀಯಿಂಗ್’ ಬೇಕು. 1972ರ ಈ ತೆಳ್ಳನೆಯ ಪುಸ್ತಕದಲ್ಲಿ ಏಳು ಪ್ರಬಂಧಗಳಿವೆ. ಅವುಗಳಲ್ಲಿ ಮೂರರಲ್ಲಿ ಬರಹವೇ ಇಲ್ಲ, ಬರೀ ಚಿತ್ರ. ಬಹಳ ಜನ ಅವನ್ನು ಹಾರಿಸುತ್ತಾರೆ. ನೀವು ಅಲ್ಲಿಂದಲೇ ಶುರು ಮಾಡಿ.

ಈಗ ಕ್ರಮಕ್ಕೆ ಬರೋಣ. ಒಂದು ಸಲಕ್ಕೆ ಒಂದೇ ಚಿತ್ರ. ಹೆಸರು, ಕಾಲ, ವಿವರಣೆ ಎಲ್ಲವನ್ನೂ ಒಂದು ಕಾಗದದಿಂದ ಮುಚ್ಚಿ. ಗಡಿಯಾರ ನೋಡಿ ಹತ್ತು ನಿಮಿಷ ಚಿತ್ರವನ್ನೇ ನೋಡಿ. ಮೊದಲ ಎರಡು ನಿಮಿಷಕ್ಕೆ ಎಲ್ಲ ಮುಗಿಯಿತು ಅನಿಸುತ್ತದೆ. ಏಳಬೇಡಿ. ಆಮೇಲೆಯೇ ಚಿತ್ರ ಬಿಚ್ಚಿಕೊಳ್ಳುವುದು. ಕಂಡದ್ದನ್ನು ಬರೆಯಿರಿ. ‘ಭವ್ಯ’, ‘ಅದ್ಭುತ’ ಎಂದು ಬರೆದರೆ ಹೊಡೆದುಹಾಕಿ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ? ಯಾರು ಯಾರನ್ನು ನೋಡುತ್ತಿದ್ದಾರೆ? ಖಾಲಿ ಜಾಗ ಎಲ್ಲಿದೆ? ಇಂಥದ್ದು ಬರೆಯಿರಿ. ಆಮೇಲೆ ಮುಚ್ಚಿದ ಕಾಗದ ತೆಗೆದು ಓದಿ.

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದಲ್ಲಿ ಇದನ್ನು ಮಾಡಿ ನೋಡಿ. ಆನೆ ಬಲಕ್ಕೆ, ಸಿಂಹ ಧೈರ್ಯಕ್ಕೆ, ಕುದುರೆ ವೇಗಕ್ಕೆ ಎಂದು ಗೈಡ್‌ಗಳು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಅದು ಕಿವಿಗೆ ಬಿದ್ದ ಕೂಡಲೇ ಕಣ್ಣು ಹುಡುಕುವುದನ್ನು ನಿಲ್ಲಿಸುತ್ತದೆ. ಮೊದಲು ಒಬ್ಬರೇ ಗೋಡೆಯ ಬುಡಕ್ಕೆ ಹೋಗಿ. ಕೆಳಗಿನಿಂದ ಮೇಲಕ್ಕೆ ಪಟ್ಟಿ ಪಟ್ಟಿಯಾಗಿ ಸಾಗಿ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಅಕ್ಕಪಕ್ಕದ ಎರಡು ಆನೆಗಳನ್ನು ಹೋಲಿಸಿ: ಸೊಂಡಿಲು, ಕಾಲು, ಮೈಮೇಲಿನ ಗಂಟೆ. ಆಮೇಲೆ ತಲೆಯೆತ್ತಿ ದೊಡ್ಡ ಮೂರ್ತಿಗಳ ಆಭರಣ ನೋಡಿ. ಹಾರಕ್ಕೂ ಮೈಗೂ ನಡುವೆ ಸಂದು ಬಿಡಿಸಿ ಕೊರೆದಿರುವುದು ಕಾಣುತ್ತದೆ. ಕಲ್ಲಿನಲ್ಲಿ ಇದು ಹೇಗೆ ಆಯಿತು ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ.

ಉತ್ತರ ಕಲ್ಲಿನಲ್ಲೇ ಇದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಇದನ್ನು ಸರಿಯಾಗಿ ತಿಳಿಯಲು ಮೂರು ಫೋಟೊಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿ. ಬಾದಾಮಿಯ ಮೂರನೇ ಗುಹೆ, ಹಳೇಬೀಡಿನ ಗೋಡೆ, ಹಂಪಿಯ ಹಜಾರರಾಮ ದೇವಸ್ಥಾನದ ಹೊರಗಿನ ಪ್ರಾಕಾರ. ಮೊದಲನೆಯದು ಮರಳುಗಲ್ಲು, ಗುಹೆಯ ಶಾಸನದ ಕಾಲ 578. ಎರಡನೆಯದು ಹನ್ನೆರಡನೇ ಶತಮಾನದ ಬಳಪದ ಕಲ್ಲು. ಮೂರನೆಯದು ವಿಜಯನಗರದ ಕಾಲದ ಗ್ರಾನೈಟ್. ಹಂಪಿಯಲ್ಲೂ ಆನೆ, ಕುದುರೆಗಳ ಸಾಲಿವೆ, ಆದರೆ ಗೋಡೆಯಿಂದ ಹೆಚ್ಚು ಎದ್ದು ಬಂದಿಲ್ಲ. ಬಾದಾಮಿಯಲ್ಲಿ ಮೈ ತುಂಬಿದ ದೊಡ್ಡ ಮೂರ್ತಿಗಳಿವೆ, ಹಳೇಬೀಡಿನ ಆ ಸೂಕ್ಷ್ಮ ಕೊರೆತ ಇಲ್ಲ. ಉಳಿಗೆ ಕಲ್ಲು ಎಷ್ಟು ಒಗ್ಗುತ್ತದೆ ಎಂಬುದು ಶೈಲಿಯಲ್ಲಿ ಎಷ್ಟು ಪಾಲು ಪಡೆಯುತ್ತದೆ ಎಂದು ನಿಮ್ಮ ಕಣ್ಣಿಗೇ ಗೊತ್ತಾಗುತ್ತದೆ. ಇದಾದ ಮೇಲೆ ಪುಸ್ತಕದಲ್ಲಿ ರಾಜವಂಶದ ಅಧ್ಯಾಯ ಓದಿ, ಬೇಜಾರು ಆಗುವುದಿಲ್ಲ.

ಕೈಯಲ್ಲಿ ಹಿಡಿದು ಸುತ್ತಲು ಡಚ್ ವಿದ್ವಾಂಸ ಗೆರಾರ್ಡ್ ಫೊಕೆಮಾ ಅವರ ‘ಎ ಕಂಪ್ಲೀಟ್ ಗೈಡ್ ಟು ಹೊಯ್ಸಳ ಟೆಂಪಲ್ಸ್’ ಒಳ್ಳೆಯದು. ಬಿಡಿ ಶಿಲ್ಪಗಳಿಗೆ ಮರುಳಾದವರಿಗೆ ಇಡೀ ಕಟ್ಟಡವನ್ನು ನೋಡಲು ಕಲಿಸುತ್ತದೆ. ಕನ್ನಡದಲ್ಲೇ ಓದಬೇಕು ಎನ್ನುವವರು ಶಿವರಾಮ ಕಾರಂತರ ‘ಭಾರತೀಯ ಚಿತ್ರಕಲೆ’ಯನ್ನು ಹಳೆಯ ಲೈಬ್ರರಿಗಳಲ್ಲಿ ಕೇಳಿ. ಬೇಲೂರಿಗೆ ಹೋದರೆ ಮೂರ್ತಿಗಳ ಪೀಠದ ಮೇಲಿನ ಸಣ್ಣ ಕನ್ನಡ ಅಕ್ಷರಗಳನ್ನು ತಪ್ಪಿಸಬೇಡಿ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ನಮ್ಮ ಶಿಲ್ಪಿಗಳು ಹೆಸರು ಹೇಳಿಕೊಳ್ಳುತ್ತಿರಲಿಲ್ಲ ಎಂದು ಸುಮ್ನೆ ಬರೆದುಬಿಡುವ ಪುಸ್ತಕ ಸಿಕ್ಕಿದರೆ ನಂಬಬೇಡಿ.

ಹತ್ತು ನಿಮಿಷದ ವಿಡಿಯೊದಲ್ಲಿ ಇಡೀ ಕಲಾ ಇತಿಹಾಸ ಹೇಳುವವರಿದ್ದಾರೆ. ಅಲ್ಲಿ ಒಂದೊಂದು ಚಿತ್ರ ಮೂರು ಸೆಕೆಂಡ್ ನಿಲ್ಲುತ್ತದೆ. ಆ ಹತ್ತು ನಿಮಿಷವನ್ನು ಒಂದೇ ಚಿತ್ರಕ್ಕೆ ಕೊಡಿ.

ಹಂತ 4: ಕರಕುಶಲ, ಕಲೆ ಎರಡನ್ನೂ ಕೂಡಿಸುವ ಒಂದು ಪುಸ್ತಕ

ಜಪಾನಿನ ಯಾನಾಗಿ ಸೋಎತ್ಸು ಅವರ ‘ದಿ ಅನ್‌ನೋನ್ ಕ್ರಾಫ್ಟ್ಸ್‌ಮನ್’ ಓದದೆ ಈ ದಾರಿ ಪೂರ್ತಿಯಾಗುವುದಿಲ್ಲ. 1936ರಲ್ಲಿ ಟೋಕಿಯೊದಲ್ಲಿ ಜನಪದ ಕರಕುಶಲದ ಮ್ಯೂಸಿಯಂ ಕಟ್ಟಿದವರು ಅವರು. ಕುಂಬಾರ ಬರ್ನಾರ್ಡ್ ಲೀಚ್ ಈ ಪುಸ್ತಕವನ್ನು ಇಂಗ್ಲಿಷಿಗೆ ತಂದರು. ಮೊದಲು ನೋಡು, ತಿಳಿಯುವುದು ಆಮೇಲೆ ಎಂಬುದು ಯಾನಾಗಿಯವರ ದೃಢ ನಂಬಿಕೆ. ಮೂರನೇ ಹಂತದಲ್ಲಿ ನಾನು ಹೇಳಿದ್ದಕ್ಕೆಲ್ಲ ಅವರೇ ಆಧಾರ. ಇದರಲ್ಲಿ ಕಿಜಾಎಮೊನ್ ಎಂಬ ಚಹಾ ಬಟ್ಟಲಿನ ಮೇಲಿನ ಪ್ರಬಂಧವನ್ನು ಮೊದಲು ಓದಿ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ಕಾಪಾಡಿದ ಆ ಬಟ್ಟಲು, ಕೊರಿಯಾದ ಬಡ ಕುಂಬಾರ ದಿನಬಳಕೆಗೆ ಎಂದು ಮಾಡಿದ ಸಾದಾ ವಸ್ತು. ಅದನ್ನು ಕಣ್ಣಾರೆ ಕಂಡಾಗ ಎಷ್ಟು ಸಾಮಾನ್ಯ ಅನಿಸಿತು, ಆ ಸಾಮಾನ್ಯತೆಯಲ್ಲೇ ಯಾಕೆ ಸೊಬಗಿದೆ ಎಂದು ಅವರು ಬಿಡಿಸುತ್ತಾರೆ. ಓದಿ ಮುಗಿಸಿ ನಿಮ್ಮ ಅಡುಗೆಮನೆಯ ಮಣ್ಣಿನ ಮಡಕೆ ಎತ್ತಿ ನೋಡಿ.

ಹಂತ 5: ನೆಮ್ಮದಿಯ ಪುಸ್ತಕ

ಇಷ್ಟು ದಿನದಲ್ಲಿ ಸುಖ, ಇಷ್ಟು ಸೂತ್ರದಲ್ಲಿ ಯಶಸ್ಸು ಎಂದು ಮುಖಪುಟದಲ್ಲೇ ಅಂಕಿ ಹಾಕಿದ್ದನ್ನು ಬಿಟ್ಟುಬಿಡಿ. ನನ್ನ ಮಟ್ಟಿಗೆ ಆರಿಸಿಕೊಳ್ಳಲು ಮೂರು ಹೆಸರು ಸಾಕು.

ಬರ್ಟ್ರಂಡ್ ರಸೆಲ್ ಅವರ ‘ದಿ ಕಾಂಕ್ವೆಸ್ಟ್ ಆಫ್ ಹ್ಯಾಪಿನೆಸ್’ 1930ರದ್ದು. ಅರ್ಧ ಪುಸ್ತಕ ಜನ ಯಾಕೆ ಅಸುಖಿಗಳು ಎಂಬುದಕ್ಕೇ ಮೀಸಲು: ಪೈಪೋಟಿ, ದಣಿವು, ಹೊಟ್ಟೆಕಿಚ್ಚು, ನಾಲ್ಕು ಜನ ಏನಂದಾರು ಎಂಬ ಭಯ. ವಾರಕ್ಕೊಂದು ಅಧ್ಯಾಯ ಓದಿ. ಆ ವಾರ ನಿಮ್ಮಲ್ಲಿ ಆ ದೋಷ ಎಲ್ಲಿ ತಲೆ ಹಾಕಿತು ಎಂದು ಪುಟದ ಅಂಚಿನಲ್ಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಲೈಬ್ರರಿ ಪ್ರತಿಯಾದರೆ ಬೇರೆ ನೋಟ್‌ಬುಕ್.

ಎರಡನೆಯದು ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಅವರ ‘ಫ್ಲೋ’, 1990. ಜನರಿಗೆ ಪೇಜರ್ ಕೊಟ್ಟು, ಅದು ಯಾವಾಗೆಂದರೆ ಆವಾಗ ಸದ್ದು ಮಾಡಿದಾಗ ಆ ಕ್ಷಣ ಏನು ಮಾಡುತ್ತಿದ್ದಾರೆ, ಹೇಗನಿಸುತ್ತಿದೆ ಎಂದು ಬರೆಸಿಕೊಂಡು ಅವರು ಅಧ್ಯಯನ ಮಾಡಿದರು. ಕೆಲಸದ ಕಷ್ಟಕ್ಕೂ ನಮ್ಮ ಕೌಶಲಕ್ಕೂ ಸರಿಸಮ ಕೂಡಿದಾಗ ಮನಸ್ಸು ಪೂರ್ತಿ ಅದರಲ್ಲಿ ಮುಳುಗುತ್ತದೆ ಎಂಬುದು ಸಾರ. ಎರಡನೇ ಹಂತದ ಬೈಂಡಿಂಗ್ ಕೆಲಸ ಮಾಡುತ್ತಿರುವಾಗಲೇ ಇದನ್ನು ಓದಿ. ಎಳೆ ಸರಿಯಾಗಿ ಕೂತು, ಸೂಜಿ ಸಲೀಸಾಗಿ ಸಾಗುವ ಹೊತ್ತಿನಲ್ಲಿ ಅವರು ಹೇಳುವುದು ಕೈಗೇ ಅರ್ಥವಾಗುತ್ತದೆ.

ಮೂರನೆಯದು ಡಿ. ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’. 1943ರಲ್ಲಿ ಬಂದ ಇದರಲ್ಲಿ 945 ಪದ್ಯಗಳಿವೆ. ದಿನಕ್ಕೆ ಒಂದೇ, ಅದೂ ಜೋರಾಗಿ ಓದಿ. ಪ್ರಾಸ ನಾಲಿಗೆಗೆ ಹತ್ತಿದ ಮೇಲೆ ಅರ್ಥ ಹುಡುಕಿ. ಎರಡೂವರೆ ವರ್ಷ ಬರುತ್ತದೆ. ಕಷ್ಟದ ಪದಗಳಿಗೆ ಅರ್ಥ ಕೊಟ್ಟಿರುವ ಪ್ರತಿ ಇರಲಿ. ಆದರೆ ತಾತ್ಪರ್ಯವನ್ನೇ ಮೊದಲು ಓದುವ ಅಭ್ಯಾಸ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಸೂರ್ಯೋದಯದ ಚಿತ್ರದ ಮೇಲೆ ಬರುವ ಕಗ್ಗಗಳಲ್ಲಿ ಕಾಗುಣಿತ ತಪ್ಪಿರುವುದುಂಟು, ಅಚ್ಚಿನ ಪ್ರತಿಯನ್ನೇ ನೋಡಿ.

ಒಂದು ಮಾತು. ವಾರಗಟ್ಟಲೆ ನಿದ್ದೆ ಬಾರದೆ, ಏನೂ ಬೇಡ ಅನಿಸುತ್ತಿದ್ದರೆ ಅದು ಪುಸ್ತಕಕ್ಕೆ ಬಗ್ಗುವ ವಿಷಯ ಅಲ್ಲ. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಹಂತ 6: ಹೊತ್ತು ಹಂಚಿಕೊಳ್ಳಿ

ಬೆಳಗ್ಗೆ ಕಗ್ಗದ ಒಂದು ಪದ್ಯ, ಸಂಜೆ ಒಂದು ಚಿತ್ರ, ಭಾನುವಾರ ಕೈಕೆಲಸ. ಮಲಗುವ ಮುಂಚೆ ಕಲೆಯ ಪುಸ್ತಕ ಬೇಡ. ಮಂದ ಬೆಳಕಿನಲ್ಲಿ ಬಣ್ಣ ಕಾಣುವುದಿಲ್ಲ, ಅಷ್ಟು ಭಾರ ಎದೆಯ ಮೇಲೆ ಹಿಡಿಯಲೂ ಆಗುವುದಿಲ್ಲ. ದಪ್ಪ ಪುಸ್ತಕವನ್ನು ಕಪಾಟಿನಲ್ಲಿ ಓರೆಯಾಗಿ ಒರಗಿಸಿದರೆ ಬೆನ್ನು ಬಿಡುತ್ತದೆ, ಮಲಗಿಸಿಯೇ ಇಡಿ. ಮಳೆಗಾಲದಲ್ಲಿ ಹೊಳೆಯುವ ಹಾಳೆಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಲೆನಾಡು, ಕರಾವಳಿಯವರು ಆಗಾಗ ಹೊರತೆಗೆದು ಫ್ಯಾನಿನ ಕೆಳಗೆ ಪುಟ ತಿರುವಿ ಗಾಳಿಯಾಡಿಸಿ. ಬಿಸಿಲಿಗೆ ಮಾತ್ರ ಇಡಬೇಡಿ.