ಡೋಸ್ ಏರಿಸುವ ಮುನ್ನ ಏಳು ದಿನ: ಮನೆಯ ಬಿಪಿ ನಂಬಿ ಚಿಕಿತ್ಸೆ ಮಾಡಿದ ಅನುಭವ

ರೋಗಿಗಳು ಮನೆಯಲ್ಲಿ ನೋಡಿಕೊಂಡ ಬಿಪಿ ಆಧರಿಸಿ ಮಾತ್ರೆ ಬದಲಿಸುತ್ತೇನೆ ಎಂದಾಗ ಜೊತೆಯ ವೈದ್ಯರು ಒಪ್ಪಲಿಲ್ಲ. 'ಬಾಯಿಗೆ ಬಂದ ಅಂಕಿ ಬರ್ಕೊಂಡು ಬರ್ತಾರೆ' ಎಂದರು. ಮೊದಮೊದಲು ಅವರ ಮಾತೇ ನಿಜವಾಯಿತು. ಪುಸ್ತಕದ ತುಂಬ 130/80, 120/80. ಎಲ್ಲವೂ ಸೊನ್ನೆಯಲ್ಲೇ ಮುಗಿಯುವ ಅಂಕಿ. ಆಮೇಲೆ ಪುಸ್ತಕ ಬೇಡ, ಮೆಷಿನ್ನೇ ತನ್ನಿ ಎಂದೆ. ಮೆಮೊರಿ ಗುಂಡಿ ಒತ್ತಿದರೆ ತಾರೀಖು, ಹೊತ್ತು ಎಲ್ಲ ಸಿಗುತ್ತದೆ. ಅಲ್ಲಿಂದ ದಾರಿ ಸುಗಮವಾಯಿತು.

ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು, ಸಂಜೆ ಎರಡು, ನಡುವೆ ಒಂದು ನಿಮಿಷ ಬಿಡುವು. ಏಳು ದಿನಕ್ಕೆ 28 ರೀಡಿಂಗ್. ಮೊದಲ ದಿನದ ನಾಲ್ಕನ್ನು ಬಿಟ್ಟು ಉಳಿದ 24ರ ಸರಾಸರಿ. ಅದು 135/85 ಮುಟ್ಟಿದರೆ ಮಾತ್ರ ಮುಂದಿನ ಹೆಜ್ಜೆ. ಕ್ಲಿನಿಕ್ಕಿನಲ್ಲಿ 160 ತೋರಿಸಿ ಮನೆಯಲ್ಲಿ 125ರ ಆಸುಪಾಸಿನಲ್ಲಿದ್ದವರಿಗೆ ಹಿಂದೆ ಸುಮ್ಮನೆ ಮಾತ್ರೆ ಏರಿಸಿದ್ದೆವು.

ದುಡ್ಡು ಹೆಚ್ಚು ಪೋಲಾದದ್ದು ತೋಳಿಗೆ ಸುತ್ತುವ ಪಟ್ಟಿಯಲ್ಲಿ, ಅಂದರೆ ಕಫ್‌ನಲ್ಲಿ. ಎರವಲು ಕೊಡಲೆಂದು ಹತ್ತು ಹನ್ನೆರಡು ಮೆಷಿನ್ ಕೊಂಡೆ. ಎಲ್ಲದರ ಕಫ್ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿನದು. ತೋಳು 36 ಸೆಂ.ಮೀ. ಇದ್ದವರಿಗೆ ಅದು ಹೆಚ್ಚೇ ತೋರಿಸುತ್ತದೆ. ಅದನ್ನು ನಂಬಿ ಇನ್ನೊಂದು ಮಾತ್ರೆ ಸೇರಿಸಿದೆ, ಎದ್ದು ನಿಂತಾಗ ಅವರಿಗೆ ತಲೆಸುತ್ತು ಶುರುವಾಯಿತು. ದೊಡ್ಡ ಕಫ್‌ಗಳಿಗೆ ಬಿದ್ದ ಖರ್ಚು, ಆ ಬೇಡದ ಮಾತ್ರೆ ಮತ್ತು ರಕ್ತಪರೀಕ್ಷೆಗಳ ಖರ್ಚಿಗಿಂತ ಕಡಿಮೆ. ಈಗ ಮೇಜಿನ ಮೇಲೆ ದರ್ಜಿಯ ಟೇಪು ಇದ್ದೇ ಇರುತ್ತದೆ: ಭುಜ-ಮೊಣಕೈ ನಡುಮಧ್ಯೆ ತೋಳಿನ ಸುತ್ತಳತೆ, ನಂತರವೇ ಕಫ್. ಮಣಿಕಟ್ಟಿನ ಮೆಷಿನ್ ಕೈಬಿಟ್ಟೆ. ಕೈ ಎಲ್ಲಿಟ್ಟರೆ ಅಲ್ಲಿಯ ಅಂಕಿ.

ಅದೇ ನೆಪದಲ್ಲಿ ಇನ್ನೊಂದು ಪರೀಕ್ಷೆ ಮಾಡಿದೆ. ಅದೇ ತೋಳು ಮೇಜಿನ ಮೇಲೆ, ಅದೇ ತೋಳು ಜೋತುಬಿಟ್ಟು: ಎಂಟು ಹತ್ತು ಪಾಯಿಂಟ್ ವ್ಯತ್ಯಾಸ. ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಏಳೆಂಟು ಏರುವುದು ಲೆಕ್ಕಕ್ಕೂ ಸರಿ. ತೆಳು ತೋಳಿನ ಅಂಗಿ ಅಷ್ಟೇನೂ ಕೆಡಿಸಲಿಲ್ಲ. ಬಿಗಿಯಾಗಿ ಮೇಲೆ ಸುರುಳಿ ಸುತ್ತಿದ ಅಂಗಿಯ ತೋಳೇ ಕೆಟ್ಟದ್ದು.

ಮಾತ್ರೆಯ ವಿಷಯಕ್ಕೆ ಬಂದರೆ, ಬಿಪಿ ಇಳಿಸುವ ಅಮ್ಲೋಡಿಪಿನ್ ಅನ್ನು 5 ಮಿ.ಗ್ರಾಂ.ನಿಂದ 10ಕ್ಕೆ ಏರಿಸುವ ಚಾಳಿ ಬಿಟ್ಟೆ. ಸಿಗುವ ಇಳಿಕೆ ಸ್ವಲ್ಪ, ಕಾಲಿನ ಊತ ಜಾಸ್ತಿ. ಬದಲಿಗೆ ಅಮ್ಲೋಡಿಪಿನ್ 5, ಇನ್ನೊಂದು ಬಿಪಿ ಔಷಧಿ ಟೆಲ್ಮಿಸಾರ್ಟನ್ 40 ಒಂದೇ ಗುಳಿಗೆಯಲ್ಲಿ. ಊತವೂ ಕಡಿಮೆ, ಮಾತ್ರೆ ಮರೆಯುವುದೂ ಕಡಿಮೆ. ಗರ್ಭ ಧರಿಸುವ ಸಾಧ್ಯತೆ ಇರುವವರಿಗೆ ಟೆಲ್ಮಿಸಾರ್ಟನ್ ಕೊಡುವುದಿಲ್ಲ. ಒಂದೆರಡು ವಾರಕ್ಕೆ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತೋರಿಸುವುದು), ಪೊಟ್ಯಾಸಿಯಂ ನೋಡುತ್ತೇನೆ. ಕ್ರಿಯಾಟಿನಿನ್ ಶೇಕಡ 30ರ ಒಳಗೆ ಏರಿದರೆ ಗಾಬರಿಯಿಲ್ಲ. ನಾಲ್ಕು ವಾರದ ಬಳಿಕ ಮತ್ತೆ ಏಳು ದಿನದ ಲೆಕ್ಕ. ಸಾಲದಿದ್ದರೆ ಮೂತ್ರ ಹೆಚ್ಚಿಸುವ ಔಷಧಿ ಕ್ಲೋರ್‌ಥಾಲಿಡೋನ್ 12.5, ವಯಸ್ಸಾದವರಲ್ಲಿ ಅದು ಇಳಿಸಬಲ್ಲ ರಕ್ತದ ಸೋಡಿಯಂ ನೋಡದೆ ಮುಂದುವರಿಸಿ ಒಮ್ಮೆ ಪೆಟ್ಟು ತಿಂದೆ.

ಮೂರು ಔಷಧಿಗೂ ಬಿಪಿ ಬಗ್ಗದಿದ್ದರೆ ಮೊದಲು ಅದನ್ನು ಏರಿಸಬಲ್ಲ ನೋವಿನ ಮಾತ್ರೆ, ನೆಗಡಿ ಮಾತ್ರೆ, ಗೊರಕೆ ವಿಚಾರಿಸುತ್ತೇನೆ. ಆಮೇಲೆ ತಪ್ಪಿದ ಡೋಸ್. ಅದನ್ನು ಕೇಳುವ ನನ್ನ ಪ್ರಶ್ನೆಯೊಂದಿದೆ, ಇಲ್ಲಿ ಬರೆಯುವುದಿಲ್ಲ. ರೋಗಿಗಳು ಓದಿಕೊಂಡರೆ ಅದು ಕೆಲಸಕ್ಕೆ ಬರುವುದಿಲ್ಲ. ನಾಲ್ಕನೆಯ ಔಷಧಿಯಾಗಿ ಸ್ಪೈರೊನೊಲ್ಯಾಕ್ಟೋನ್ 25 ಬೇಕಾದವರು ಬೆರಳೆಣಿಕೆಯಷ್ಟು. ಅದು ರಕ್ತದ ಪೊಟ್ಯಾಸಿಯಂ ಏರಿಸುವುದರಿಂದ, ಆಗ ಪೊಟ್ಯಾಸಿಯಂ ಬೆರೆತ ಉಪ್ಪು ನಿಲ್ಲಿಸಲು ಹೇಳಲೇಬೇಕು.

ನಾಡಿ ಅಡ್ಡಾದಿಡ್ಡಿ ಇರುವವರಲ್ಲಿ ಈ ಏಳು ದಿನದ ಲೆಕ್ಕ ನಡೆಯಲಿಲ್ಲ, ಮೆಷಿನ್ ಒಂದೊಂದು ಸಲಕ್ಕೆ ಒಂದೊಂದು ಹೇಳುತ್ತದೆ. ಅವರಿಗೆ ಈಗಲೂ ಸ್ಟೆತಾಸ್ಕೋಪ್ ಇಟ್ಟು ಮೂರು ಸಲ ನಾನೇ ನೋಡುತ್ತೇನೆ.